ಸಾಧನ ನಮ್ಮದು, ಡ್ರೈವರ್ ಯಾರದು? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಬಳಿ ಒಂದು ಸ್ಕ್ಯಾನರ್ ಇತ್ತು. ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ, ಮೋಟರ್ ಸದ್ದಿಲ್ಲದೆ ಓಡುತ್ತಿತ್ತು. ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ ದಿನವೇ ಅದು ನಿಂತುಹೋಯಿತು. ತಯಾರಕರಿಗೆ ಬರೆದೆ. ಆ ಮಾದರಿಗೆ ಇನ್ನು ಮುಂದೆ ಡ್ರೈವರ್ ಬರುವುದಿಲ್ಲ, ಹೊಸ ಮಾದರಿ ತೆಗೆದುಕೊಳ್ಳಿ ಎಂದು ಉತ್ತರ ಬಂತು. ಯಂತ್ರ ಸರಿಯಾಗಿಯೇ ಇತ್ತು. ಅದರ ಜೊತೆ ಮಾತಾಡುವುದು ಹೇಗೆ ಎಂಬ ವಿವರ ಮಾತ್ರ ಒಂದು ಕಂಪನಿಯ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಇದರ ಬಗ್ಗೆ ಮಾತೆತ್ತಿದಾಗಲೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಸಾಧನ ಮಾರುವವರು ಅದರ ಡ್ರೈವರಿನ ಕೋಡನ್ನೂ ಬಿಟ್ಟುಕೊಡಬೇಕು.

ಡ್ರೈವರ್ ಅಂದರೆ ಏನು?

ಪ್ರತಿ ಚಿಪ್‌ಗೂ ತನ್ನದೇ ಭಾಷೆ ಇರುತ್ತದೆ. ಈ ರಿಜಿಸ್ಟರಿನಲ್ಲಿ (ಚಿಪ್ ಒಳಗಿನ ಸಣ್ಣ ಸಂಗ್ರಹ ಜಾಗದಲ್ಲಿ) ಈ ಸಂಖ್ಯೆ ಬರೆದರೆ ಮೋಟರ್ ತಿರುಗುತ್ತದೆ, ಆ ಜಾಗದಿಂದ ಓದಿದರೆ ಕಾಗದ ಮುಗಿದಿದೆಯೇ ಎಂದು ತಿಳಿಯುತ್ತದೆ, ಹೀಗೆ. ಆಪರೇಟಿಂಗ್ ಸಿಸ್ಟಮ್‌ಗೆ ಈ ಸಣ್ಣ ವಿವರಗಳೆಲ್ಲ ಗೊತ್ತಿಲ್ಲ. ‘ಈ ಪುಟ ಮುದ್ರಿಸು’ ಎಂದಷ್ಟೇ ಅದು ಹೇಳಬಲ್ಲದು. ಇವೆರಡರ ನಡುವೆ ದುಭಾಷಿಯ ಹಾಗೆ ನಿಲ್ಲುವ ಪ್ರೋಗ್ರಾಮೇ ಡ್ರೈವರ್. ದುಭಾಷಿ ಎದ್ದು ಹೋದರೆ ಇಬ್ಬರೂ ಗಟ್ಟಿಮುಟ್ಟಾಗಿದ್ದರೂ ಮಾತು ನಿಂತುಹೋಗುತ್ತದೆ.

ಡ್ರೈವರ್ ಪುಕ್ಕಟೆಯಾಗಿ ಡೌನ್‌ಲೋಡ್ ಮಾಡಲು ಸಿಗುತ್ತದೆ ಅಲ್ವಾ? ಅದೇ ಓಪನ್ ಸೋರ್ಸ್ ಅಲ್ಲವೇ?

ಅಲ್ಲ. ನಿಮಗೆ ಸಿಗುವುದು ಯಂತ್ರಕ್ಕಷ್ಟೇ ಅರ್ಥವಾಗುವ ರೂಪ. ಮನುಷ್ಯರು ಬರೆದ, ಮನುಷ್ಯರು ಓದಬಹುದಾದ ರೂಪಕ್ಕೆ ಸೋರ್ಸ್ ಕೋಡ್ ಎನ್ನುತ್ತಾರೆ. ಅದನ್ನು ಓದಲು, ತಿದ್ದಲು, ತಿದ್ದಿದ್ದನ್ನು ಇತರರಿಗೆ ಹಂಚಲು ಲೈಸೆನ್ಸ್ ಅನುಮತಿ ಕೊಟ್ಟರೆ ಮಾತ್ರ ಅದು ಓಪನ್ ಸೋರ್ಸ್. ‘ನೋಡಬಹುದು, ಮುಟ್ಟುವಂತಿಲ್ಲ’ ಎಂದರೆ ಪ್ರಯೋಜನ ಕಡಿಮೆ.

ಈ ಬೇಡಿಕೆ ಎಲ್ಲಿಂದ ಶುರುವಾಯಿತು?

ಒಂದು ಪ್ರಿಂಟರಿನಿಂದ. 1980ರ ಹೊತ್ತಿಗೆ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರ್ ಕೊಟ್ಟಿತ್ತು. ಅದರಲ್ಲಿ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿಗೆ ಅಲ್ಲಿದ್ದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಒಂದು ಸಣ್ಣ ಉಪಾಯ ಮಾಡಿದ್ದರು. ಕಾಗದ ಸಿಕ್ಕಿಕೊಂಡ ಕೂಡಲೇ ಮುದ್ರಣಕ್ಕೆ ಕಾಯುತ್ತಿದ್ದವರ ಪರದೆಗೆ ಸುದ್ದಿ ಹೋಗುತ್ತಿತ್ತು. ಯಾರಾದರೂ ಎದ್ದು ಹೋಗಿ ಸರಿಮಾಡುತ್ತಿದ್ದರು. ಹೊಸ ಪ್ರಿಂಟರಿಗೂ ಹಾಗೇ ಮಾಡೋಣವೆಂದರೆ ಸೋರ್ಸ್ ಕೋಡ್ ಇಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರ ಬಳಿ ಇದೆಯೆಂದು ತಿಳಿದು ಅವರನ್ನು ಕೇಳಿದರು. ಯಾರಿಗೂ ಕೊಡುವುದಿಲ್ಲವೆಂದು ಸಹಿ ಹಾಕಿಕೊಟ್ಟಿದ್ದೇನೆ ಎಂದು ಅವರು ಕೊಡಲಿಲ್ಲ. ಸ್ಟಾಲ್ಮನ್ 1983ರಲ್ಲಿ, ಎಲ್ಲರೂ ತಿದ್ದಿ ಹಂಚಬಹುದಾದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆ ಘೋಷಿಸಿದ್ದರ ಹಿಂದೆ ಈ ಕಹಿಯೂ ಇತ್ತು.

ನನಗೆ ಈ ಪ್ರಸಂಗದಲ್ಲಿ ಹಿಡಿಸುವುದು ಆ ಬೇಡಿಕೆ ಎಷ್ಟು ಸಣ್ಣದಾಗಿತ್ತು ಎಂಬುದು. ಯಾರೂ ಕಂಪನಿಯ ಗುಟ್ಟು ಕದಿಯಲು ಹೊರಟಿರಲಿಲ್ಲ. ಕಾಗದ ಸಿಕ್ಕಿಕೊಂಡರೆ ತಿಳಿಸಲಿ ಎಂದಷ್ಟೇ ಕೇಳಿದ್ದರು.

ಕಂಪನಿಯೇ ಡ್ರೈವರ್ ಕೊಡುತ್ತಿರುವಾಗ ಕೋಡ್ ಯಾಕೆ ಬೇಕು?

ಕಂಪನಿ ಎಲ್ಲಿಯವರೆಗೆ ಕೊಡುತ್ತದೆ ಎನ್ನುವುದೇ ಪ್ರಶ್ನೆ. ಸಾಧನದ ಆಯುಸ್ಸು ಬೇರೆ, ಆ ಸಾಧನದ ಮೇಲೆ ಕಂಪನಿಗಿರುವ ಆಸಕ್ತಿಯ ಆಯುಸ್ಸು ಬೇರೆ. ಎರಡನೆಯದು ಬಹಳ ಬೇಗ ಮುಗಿಯುತ್ತದೆ. 2007ರಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದಾಗ ಎಷ್ಟೋ ಪ್ರಿಂಟರ್, ಸ್ಕ್ಯಾನರ್, ಸೌಂಡ್ ಕಾರ್ಡ್‌ಗಳು ಒಮ್ಮೆಲೇ ಮೂಲೆ ಸೇರಿದವು. 64 ಬಿಟ್ ಆವೃತ್ತಿಯಲ್ಲಂತೂ ಹಳೆಯ 32 ಬಿಟ್ ಡ್ರೈವರ್‌ಗಳು ಓಡುತ್ತಲೇ ಇರಲಿಲ್ಲ. ಕೋಡ್ ಕೈಯಲ್ಲಿದ್ದರೆ ಹೊಸ ಸಿಸ್ಟಮ್‌ಗೆ ಹೊಂದಿಸಿ ಮತ್ತೆ ಕಂಪೈಲ್ ಮಾಡಲು (ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರಲು) ಯಾರಾದರೂ ಪ್ರಯತ್ನಿಸಬಹುದಿತ್ತು. ಕೋಡ್ ಇಲ್ಲದೆ ಆ ದಾರಿಯೇ ಮುಚ್ಚಿತು.

ಮೊಬೈಲ್ ಫೋನಿನಲ್ಲಿ ಇದು ಇನ್ನೂ ಕಟು. ಫೋನ್ ತಯಾರಕರಿಗೆ ಮನಸ್ಸಿದ್ದರೂ ಸಾಲದು, ಒಳಗಿನ ಚಿಪ್ ಮಾಡಿದವರು ಹೊಸ ಆಂಡ್ರಾಯ್ಡ್‌ಗೆ ಡ್ರೈವರ್ ಕೊಡಬೇಕು. 2015ರಲ್ಲಿ ಬಂದ ಫೇರ್‌ಫೋನ್ 2ರ ಕಥೆ ನೋಡಿ. ಅದರಲ್ಲಿದ್ದ ಕ್ವಾಲ್ಕಾಮ್ ಚಿಪ್‌ಗೆ ಆಂಡ್ರಾಯ್ಡ್ 6ರ ನಂತರ ಬೆಂಬಲ ನಿಂತಿತು. ಆ ಪುಟ್ಟ ಕಂಪನಿ ಹಟ ಹಿಡಿದು, ಸ್ವಯಂಸೇವಕರ ಕೆಲಸವನ್ನೂ ಬಳಸಿಕೊಂಡು, ಫೋನನ್ನು ಆಂಡ್ರಾಯ್ಡ್ 10ರವರೆಗೆ ತಂದಿತು. 2023ರವರೆಗೂ ಅಪ್‌ಡೇಟ್ ಕೊಟ್ಟಿತು. ಮಾಡಿದವರಿಗೆ ಕೈ ಮುಗಿಯಬೇಕು. ಆದರೆ ಡ್ರೈವರಿನ ಕೋಡ್ ಮೊದಲೇ ತೆರೆದಿದ್ದರೆ ಅಷ್ಟು ಹೆಣಗಾಡಬೇಕಾಗಿರಲಿಲ್ಲ.

ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನಲ್ಲಿ ಇನ್ನೊಂದು ಕಾರಣವೂ ಇದೆ. ಅದರ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು, ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಕಾಣುತ್ತದೆ. ಒಳಗಿನ ಜೋಡಣೆಗಳು ಬದಲಾಗುತ್ತಲೇ ಇರುತ್ತವೆ. ಬದಲಾಯಿಸುವವರು ಕರ್ನಲ್ ಒಳಗಿರುವ ಡ್ರೈವರ್‌ಗಳನ್ನೂ ಆಗಲೇ ತಿದ್ದುತ್ತಾರೆ. ಹೊರಗೆ ಮುಚ್ಚಿಟ್ಟ ಡ್ರೈವರನ್ನು ಯಾರು ತಿದ್ದಬೇಕು? ಕಂಪನಿಯೇ ಪ್ರತಿ ಸಲ ಓಡಿ ಬಂದು ತಿದ್ದಬೇಕು.

ಲಿಂಕ್‌ಸಿಸ್‌ನ ಡಬ್ಲ್ಯೂಆರ್‌ಟಿ54ಜಿ ರೂಟರ್ ಇದಕ್ಕೆ ಒಳ್ಳೆಯ ಪಾಠ. ಅದರೊಳಗೆ, ಹಂಚಿದರೆ ಕೋಡನ್ನೂ ಕೊಡಬೇಕೆನ್ನುವ ಜಿಪಿಎಲ್ ಲೈಸೆನ್ಸಿನ ಲಿನಕ್ಸ್ ಇದೆಯೆಂದು 2003ರಲ್ಲಿ ಜನ ಪತ್ತೆ ಹಚ್ಚಿದರು, ಕೋಡ್ ಹೊರಬಂತು, ಅದರಿಂದ ರೂಟರ್‌ಗಳಿಗೆಂದೇ ಇರುವ ಓಪನ್ ಸೋರ್ಸ್ ಸಿಸ್ಟಮ್ ಓಪನ್‌ಡಬ್ಲ್ಯೂಆರ್‌ಟಿ ಹುಟ್ಟಿತು. ಆದರೆ ವೈಫೈ ಡ್ರೈವರ್ ಮಾತ್ರ ಮುಚ್ಚಿಯೇ ಇತ್ತು. ಅದು ಕರ್ನಲ್ 2.4ಕ್ಕೆ ಅಂಟಿಕೊಂಡಿತ್ತು. ಲೋಕವೆಲ್ಲ 2.6ಕ್ಕೆ ಹೋದ ಮೇಲೂ ಆ ರೂಟರ್‌ಗಳು ವರ್ಷಗಟ್ಟಲೆ 2.4ರಲ್ಲೇ ಉಳಿಯಬೇಕಾಯಿತು. ಮುಚ್ಚಿದ ಒಂದೇ ತುಂಡು ಇಡೀ ವ್ಯವಸ್ಥೆಯನ್ನು ಹಿಂದಕ್ಕೆ ಹಿಡಿದಿಟ್ಟಿತು.

ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ನನಗೇನು ಲಾಭ?

ನೀವೇ ತಿದ್ದಬೇಕಾಗಿಲ್ಲ. ನಿಮ್ಮ ಹಾಗೆಯೇ ಅದೇ ಸಾಧನ ಕೊಂಡ ಸಾವಿರಾರು ಜನರಲ್ಲಿ ತಿದ್ದಬಲ್ಲವರು ಒಬ್ಬರಿದ್ದರೆ ಸಾಕು. ಅವರು ಮಾಡಿದ ಕೆಲಸ ಅಪ್‌ಡೇಟ್ ರೂಪದಲ್ಲಿ ಸದ್ದಿಲ್ಲದೆ ನಿಮ್ಮ ಕಂಪ್ಯೂಟರಿಗೂ ಬರುತ್ತದೆ.

ಕೋಡ್ ಕೊಟ್ಟರೆ ಎದುರಾಳಿ ಕಂಪನಿಗಳು ನಕಲು ಮಾಡುವುದಿಲ್ಲವೇ?

ಇದು ಕಂಪನಿಗಳು ಮೊದಲು ಹೇಳುವ ಮಾತು. ನನಗಂತೂ ಇದು ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಚಿಪ್‌ನ ಒಳವಿನ್ಯಾಸ, ಅದನ್ನು ತಯಾರಿಸುವ ವಿಧಾನ, ಇವು ಡ್ರೈವರಿನಲ್ಲಿ ಇರುವುದಿಲ್ಲ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದಷ್ಟೇ ಡ್ರೈವರ್ ಹೇಳುತ್ತದೆ. ಎದುರಾಳಿಯ ಬಳಿ ದುಡ್ಡಿದೆ, ಲ್ಯಾಬ್ ಇದೆ, ಚಿಪ್ ಬಿಚ್ಚಿ ನೋಡುವ ಸಲಕರಣೆಯೂ ಇದೆ. ಮುಚ್ಚಿಟ್ಟ ಡ್ರೈವರ್ ಅವರನ್ನು ಅಷ್ಟೇನೂ ತಡೆಯುವುದಿಲ್ಲ. ತಡೆಯುವುದು ನಮ್ಮನ್ನು.

ಗ್ರಾಫಿಕ್ಸ್ ಕಾರ್ಡ್‌ಗಳ ವಿಷಯದಲ್ಲಿ ಮಾತ್ರ ಒಂದು ವಿನಾಯಿತಿ ಒಪ್ಪುತ್ತೇನೆ. ಅಲ್ಲಿ ಡ್ರೈವರೆಂದರೆ ಒಂದು ದೊಡ್ಡ ಕಂಪೈಲರನ್ನೇ ಹೊತ್ತ ಸಾಫ್ಟ್‌ವೇರ್. ವೇಗದ ಎಷ್ಟೋ ಉಪಾಯಗಳು ಅದರಲ್ಲೇ ಇರುತ್ತವೆ. ಆದರೂ ಇಂಟೆಲ್ ಮತ್ತು ಎಎಂಡಿ ತಮ್ಮ ಲಿನಕ್ಸ್ ಗ್ರಾಫಿಕ್ಸ್ ಡ್ರೈವರ್‌ಗಳನ್ನು ತೆರೆದಿಟ್ಟಿವೆ. ಅದರಿಂದ ಮುಳುಗಿಹೋಗಿಲ್ಲ.

ಹಾಗಾದರೆ ನಿಜವಾದ ಅಡ್ಡಿ ಏನು?

ಕೆಲವು ಅಡ್ಡಿಗಳು ನಿಜವಾದವೇ. ಡ್ರೈವರಿನ ಒಂದಷ್ಟು ಭಾಗವನ್ನು ಬೇರೆ ಕಂಪನಿಯಿಂದ ಕೊಂಡಿರುತ್ತಾರೆ, ಅದನ್ನು ಬಿಡುಗಡೆ ಮಾಡುವ ಹಕ್ಕು ಅವರಿಗೇ ಇರುವುದಿಲ್ಲ. ಕೋಡ್ ತೋರಿಸಿದರೆ ಯಾರಾದರೂ ಪೇಟೆಂಟ್ ಹಿಡಿದು ಕೋರ್ಟಿಗೆ ಎಳೆಯುತ್ತಾರೆ ಎಂಬ ಭಯವೂ ಇದೆ. ಒಂದೇ ಚಿಪ್ ಹಾಕಿ, ಕಡಿಮೆ ಬೆಲೆಯ ಮಾದರಿಯಲ್ಲಿ ಕೆಲವು ಸೌಲಭ್ಯಗಳನ್ನು ಡ್ರೈವರಿನಲ್ಲೇ ಮುಚ್ಚಿ ಮಾರುವವರಿಗೆ ಕೋಡ್ ತೆರೆದರೆ ಆ ವ್ಯಾಪಾರ ಕಷ್ಟ. ಕೊನೆಯದು ಸಂಕೋಚ. ಅವಸರದಲ್ಲಿ ತೇಪೆ ಹಾಕಿದ ಕೋಡನ್ನು ನಾಲ್ಕು ಜನರ ಮುಂದೆ ಇಡಲು ಯಾರಿಗೂ ಮನಸ್ಸಾಗುವುದಿಲ್ಲ. ಇದು ನನಗೆ ಅರ್ಥವಾಗುತ್ತದೆ.

ಕಂಪನಿಗೆ ಮನಸ್ಸಿದ್ದೂ ಆಗದಿರುವುದಕ್ಕೆ ಒಂದು ಉದಾಹರಣೆ, ಪರದೆಗೆ ಚಿತ್ರ ಕಳಿಸುವ ಮಾನದಂಡವಾದ ಎಚ್‌ಡಿಎಂಐ 2.1. ಅದನ್ನು ತನ್ನ ಓಪನ್ ಸೋರ್ಸ್ ಲಿನಕ್ಸ್ ಡ್ರೈವರಿನಲ್ಲಿ ಸೇರಿಸಲು ಎಎಂಡಿ ಕೆಲಸ ಮಾಡಿತ್ತು. 2024ರಲ್ಲಿ ಆ ಮಾನದಂಡ ರೂಪಿಸುವ ಎಚ್‌ಡಿಎಂಐ ಫೋರಂ ಆ ಪ್ರಸ್ತಾಪವನ್ನು ತಿರಸ್ಕರಿಸಿತು. ಹಾಗಾಗಿ ಬೈಯುವ ಮೊದಲು ಗಂಟು ಎಲ್ಲಿದೆ ಎಂದು ನೋಡುವುದು ಒಳ್ಳೆಯದು.

ವೈಫೈಯಂಥ ರೇಡಿಯೋ ಸಾಧನಗಳಿಗೆ ಕಾನೂನಿನ ತೊಡಕಿಲ್ಲವೇ?

ಇದೆ. ಯಾವ ತರಂಗಾಂತರದಲ್ಲಿ ಎಷ್ಟು ಶಕ್ತಿಯಿಂದ ಪ್ರಸಾರ ಮಾಡಬಹುದು ಎಂಬುದಕ್ಕೆ ಪ್ರತಿ ದೇಶದಲ್ಲೂ ನಿಯಮವಿದೆ. ಮಿತಿ ಮೀರಿದರೆ ಹವಾಮಾನದ ರೇಡಾರ್‌ಗೂ ತೊಂದರೆಯಾಗಬಹುದು. ಆದರೆ ಇದಕ್ಕೆ ಇಡೀ ಡ್ರೈವರನ್ನೇ ಮುಚ್ಚಬೇಕಿಲ್ಲ, ಆ ಮಿತಿಯನ್ನು ಹಾರ್ಡ್‌ವೇರಿನಲ್ಲೋ, ಸಾಧನದ ಒಳಗೇ ಓಡುವ ಸಣ್ಣ ಪ್ರೋಗ್ರಾಮಾದ ಫರ್ಮ್‌ವೇರಿನಲ್ಲೋ ಇಟ್ಟರೆ ಆಯಿತು. ಅಥೆರಾಸ್ 2008ರಲ್ಲಿ, ಬ್ರಾಡ್‌ಕಾಮ್ 2010ರಲ್ಲಿ ವೈಫೈ ಚಿಪ್‌ಗಳಿಗೆ ಓಪನ್ ಸೋರ್ಸ್ ಲಿನಕ್ಸ್ ಡ್ರೈವರ್ ಕೊಟ್ಟವು. ಅಮೆರಿಕದ ಸಂವಹನ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 2016ರಲ್ಲಿ ಟಿಪಿ-ಲಿಂಕ್ ಜೊತೆ ಮಾಡಿಕೊಂಡ ಒಪ್ಪಂದವಂತೂ ಕುತೂಹಲದ್ದು. ಪ್ರಸಾರ ಶಕ್ತಿಯ ನಿಯಮ ಮೀರಿದ್ದಕ್ಕೆ ಕಂಪನಿ 2 ಲಕ್ಷ ಡಾಲರ್ ಕಟ್ಟಬೇಕಾಯಿತು. ಜೊತೆಗೆ ಹೊರಗಿನವರ ಫರ್ಮ್‌ವೇರ್ ತನ್ನ ರೂಟರಿನಲ್ಲಿ ಓಡುವಂತೆ ಕೆಲಸ ಮಾಡಲೂ ಒಪ್ಪಬೇಕಾಯಿತು. ನಿಯಮ ಮತ್ತು ಮುಕ್ತತೆ ಎರಡೂ ಒಟ್ಟಿಗೆ ಇರಬಹುದು ಎಂದು ನಿಯಂತ್ರಕರೇ ಒಪ್ಪಿದಂತಾಯಿತು.

ಕೋಡ್ ಎಲ್ಲರಿಗೂ ಕಂಡರೆ ಕಳ್ಳರಿಗೂ ಕಾಣುತ್ತದೆ. ಭದ್ರತೆಯ ಗತಿ?

ಡ್ರೈವರ್‌ಗಳಲ್ಲಿ ಬಹುಪಾಲು ಕರ್ನಲ್ ಒಳಗೆ ಓಡುತ್ತವೆ. ಅಲ್ಲಿ ಒಂದು ಲೋಪವಿದ್ದರೆ ಇಡೀ ಯಂತ್ರ ದಾಳಿಕೋರರ ಕೈಗೆ ಹೋಗುತ್ತದೆ. ಕೋಡ್ ಮುಚ್ಚಿಟ್ಟ ಮಾತ್ರಕ್ಕೆ ಅವರು ಸುಮ್ನೆ ಕೂರುವುದಿಲ್ಲ. ಗಿಗಾಬೈಟ್ ಕಂಪನಿಯ ಒಂದು ಡ್ರೈವರಿನಲ್ಲಿ ಲೋಪವಿದೆಯೆಂದು 2018ರಲ್ಲೇ ಬಹಿರಂಗವಾಗಿತ್ತು. ಇದು ಅಸಲಿ ಡ್ರೈವರ್ ಎಂದು ಕಂಪ್ಯೂಟರಿಗೆ ಹೇಳುವ ಅದರ ಡಿಜಿಟಲ್ ಸಹಿ ಮಾತ್ರ ಸಿಂಧುವಾಗಿಯೇ ಉಳಿದಿತ್ತು. 2020ರಲ್ಲಿ ರಾಬಿನ್‌ಹುಡ್ ಎಂಬ, ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ನಡೆಸುವವರು ಅದೇ ಹಳೆಯ ಡ್ರೈವರನ್ನು ಬಲಿಯ ಕಂಪ್ಯೂಟರಿಗೆ ತಾವೇ ಹಾಕಿ, ಅದರ ಮೂಲಕ ಭದ್ರತಾ ಸಾಫ್ಟ್‌ವೇರನ್ನು ಮಲಗಿಸಿದರು. ಆ ಡ್ರೈವರಿನ ಕೋಡ್ ಮುಚ್ಚಿಯೇ ಇತ್ತು.

ಹಾಗಂತ ತೆರೆದಿಟ್ಟ ಕೂಡಲೇ ಎಲ್ಲ ಸುರಕ್ಷಿತ ಎಂದು ನಾನು ಹೇಳುವುದಿಲ್ಲ. ಹಾರ್ಟ್‌ಬ್ಲೀಡ್ ಎಂಬ ಲೋಪ, ಜಾಲತಾಣಗಳ ಸಂವಹನವನ್ನು ಗುಟ್ಟಾಗಿಡುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಓಪನ್‌ಎಸ್‌ಎಸ್‌ಎಲ್‌ನ ಆವೃತ್ತಿಗಳಲ್ಲಿ 2012ರಿಂದ ಇತ್ತು, ಬಯಲಾಗಿದ್ದು 2014ರಲ್ಲಿ. ಕೋಡ್ ಇಡೀ ಲೋಕದ ಮುಂದೆ ಇತ್ತು, ಗಮನವಿಟ್ಟು ನೋಡುವವರು ಸಾಕಷ್ಟು ಇರಲಿಲ್ಲ. ವ್ಯತ್ಯಾಸ ಬರುವುದು ಲೋಪ ಸಿಕ್ಕ ಮೇಲೆ. ತೆರೆದ ಡ್ರೈವರನ್ನು ಯಾರು ಬೇಕಾದರೂ ತಿದ್ದಬಹುದು. ಮುಚ್ಚಿದ ಡ್ರೈವರಿನ ಕಂಪನಿ ಕೈ ಎತ್ತಿಬಿಟ್ಟರೆ ತೂತು ತೂತಾಗಿಯೇ ಉಳಿಯುತ್ತದೆ.

ಗ್ರಾಫಿಕ್ಸ್ ಕಾರ್ಡ್ ಮಾಡುವ ಎನ್‌ವಿಡಿಯಾ ಕೊನೆಗೂ ಡ್ರೈವರ್ ತೆರೆದಿದೆಯಂತಲ್ಲ?

ಅರ್ಧ. 2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಿಂದ, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಈ ಕಂಪನಿಯನ್ನು ಕೆಟ್ಟದಾಗಿ ಬೈದದ್ದು ಬಹಳ ಜನರಿಗೆ ನೆನಪಿದೆ. ಹತ್ತು ವರ್ಷದ ನಂತರ, 2022ರ ಮೇ ತಿಂಗಳಲ್ಲಿ, ಎನ್‌ವಿಡಿಯಾ ತನ್ನ ಲಿನಕ್ಸ್ ಡ್ರೈವರಿನ ಕರ್ನಲ್ ಭಾಗವನ್ನು ಓಪನ್ ಸೋರ್ಸ್ ಮಾಡಿತು. 2018ರಲ್ಲಿ ಬಂದ ಟ್ಯೂರಿಂಗ್ ಪೀಳಿಗೆ ಮತ್ತು ಅದರ ನಂತರದ ಕಾರ್ಡ್‌ಗಳಿಗೆ ಮಾತ್ರ. ಆ ಕಾರ್ಡ್‌ಗಳಲ್ಲಿ ಬಹಳಷ್ಟು ಕೆಲಸವನ್ನು ಕಾರ್ಡಿನ ಮೇಲಿನ ಫರ್ಮ್‌ವೇರಿಗೆ ಸಾಗಿಸಿದ್ದಾರೆ, ಅದು ಮುಚ್ಚಿಯೇ ಇದೆ. ಆಟ, ವಿಡಿಯೋ, ಗಣನೆಗೆ ಬೇಕಾದ ಮೇಲಿನ ಪದರವೂ ಮುಚ್ಚಿದೆ.

ಆದರೂ ಇದನ್ನು ಹಗುರವಾಗಿ ನೋಡಬಾರದು. ಕರ್ನಲ್ ಅಪ್‌ಡೇಟ್ ಆದಾಗ ಪರದೆ ಕಪ್ಪಾಗಿ ಕೂತವರಿಗೆ ಆ ಅರ್ಧದ ಬೆಲೆ ಗೊತ್ತು. ಇನ್ನರ್ಧವನ್ನೂ ಕೇಳುತ್ತಲೇ ಇರಬೇಕು.

ಕೋಡ್ ಕೊಡದಿದ್ದರೆ ಏನಂತೆ, ರಿವರ್ಸ್ ಎಂಜಿನಿಯರಿಂಗ್ ಮಾಡಬಹುದಲ್ಲ?

ಮಾಡುತ್ತಾರೆ, ಮತ್ತು ಅದು ದೊಡ್ಡ ತಪಸ್ಸು. ಡ್ರೈವರ್ ಸಾಧನಕ್ಕೆ ಏನು ಕಳಿಸುತ್ತದೆ, ಅದು ಏನು ಉತ್ತರಿಸುತ್ತದೆ ಎಂದು ಬೈಟ್ ಬೈಟ್ ಆಗಿ ಗಮನಿಸಿ ಅರ್ಥ ಬಿಡಿಸಬೇಕು. ಅಸಾಹಿ ಲಿನಕ್ಸ್ ತಂಡ ಆಪಲ್‌ನ ಎಂ1 ಚಿಪ್‌ನ ಗ್ರಾಫಿಕ್ಸಿಗೆ ಹೀಗೆಯೇ ಡ್ರೈವರ್ ಬರೆಯಿತು. ಹೊಂದಾಣಿಕೆಯ ಸಾಫ್ಟ್‌ವೇರ್ ಬರೆಯಲು ಪ್ರೋಗ್ರಾಮನ್ನು ಬಿಡಿಸಿ ನೋಡುವುದಕ್ಕೆ ಯುರೋಪಿಯನ್ ಒಕ್ಕೂಟದ 2009ರ ನಿರ್ದೇಶನ ಕೆಲವು ಷರತ್ತುಗಳೊಡನೆ ಅವಕಾಶ ಕೊಡುತ್ತದೆ.

ನನ್ನ ಸ್ಕ್ಯಾನರಿಗೂ ಕೊನೆಗೆ ಜೀವ ಬಂದದ್ದು ಹೀಗೆಯೇ. ಯಾರೋ ಒಬ್ಬರು ಯುಎಸ್‌ಬಿ ತಂತಿಯಲ್ಲಿ ಹರಿಯುವುದನ್ನು ತಿಂಗಳುಗಟ್ಟಲೆ ನೋಡಿ, ಲಿನಕ್ಸಿನ ಸ್ಕ್ಯಾನರ್ ವ್ಯವಸ್ಥೆಯಾದ ಸೇನ್‌ಗೆ ಡ್ರೈವರ್ ಬರೆದಿದ್ದರು. ಮೊದಲ ಪುಟ ಪರದೆಯ ಮೇಲೆ ಮೂಡಿದಾಗ ನನಗೆ ಗಂಟಲು ಕಟ್ಟಿತು. ಆಮೇಲೆ ಬೇಸರವೂ ಆಯಿತು. ಆ ತಿಂಗಳುಗಳ ಶ್ರಮ ಬೇಕಿರಲಿಲ್ಲ. ಅವರು ಹುಡುಕಿದ್ದು ಮೊದಲೇ ಒಂದು ಕಡೆ ಬರೆದಿಟ್ಟಿದ್ದ ವಿಷಯವನ್ನು.

ಈಗೀಗ ಆ ದಾರಿಯೂ ಕಿರಿದಾಗುತ್ತಿದೆ. ಎನ್‌ವಿಡಿಯಾ ಕಾರ್ಡ್‌ಗಳಿಗೆ ಸ್ವಯಂಸೇವಕರು ಬರೆದ ನೂವೋ ಡ್ರೈವರ್ ಇದೆ. 2014ರಿಂದ ಈಚೆಗೆ ಬಂದ ಕಾರ್ಡ್‌ಗಳು ಕಂಪನಿ ಸಹಿ ಮಾಡಿದ ಫರ್ಮ್‌ವೇರ್ ಇಲ್ಲದೆ ವೇಗ ಹೆಚ್ಚಿಸಿಕೊಳ್ಳಲು ಬಿಡಲಿಲ್ಲ. ಡ್ರೈವರ್ ಇದ್ದರೂ ಕಾರ್ಡ್ ಎಷ್ಟೋ ವರ್ಷ ತೆವಳುತ್ತಲೇ ಓಡಿತು.

ಕೋಡ್ ಬೇಡ, ಚಿಪ್‌ನ ಭಾಷೆ ವಿವರಿಸುವ ದಾಖಲೆಗಳನ್ನು ಮಾತ್ರ ಕೊಟ್ಟರೆ ಸಾಕಾಗುವುದಿಲ್ಲವೇ?

ಎಷ್ಟೋ ಸಲ ಸಾಕು. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಂಡ ಬಹಳ ಕಾಲದಿಂದ ಕೇಳುತ್ತಿರುವುದು ಇದನ್ನೇ: ಗುಟ್ಟು ಕಾಯುವ ಸಹಿ ಕೇಳದೆ ದಾಖಲೆ ಕೊಡಿ, ಡ್ರೈವರನ್ನು ನಾವೇ ಬರೆದುಕೊಳ್ಳುತ್ತೇವೆ. ಎಟಿಐ ಕಂಪನಿಯನ್ನು ಕೊಂಡ ಮೇಲೆ ಎಎಂಡಿ 2007ರಲ್ಲಿ ತನ್ನ ಗ್ರಾಫಿಕ್ಸ್ ಚಿಪ್‌ಗಳ ದಾಖಲೆ ಬಿಡುಗಡೆ ಮಾಡಲು ಶುರುಮಾಡಿತು, ತೆರೆದ ಡ್ರೈವರಿಗೂ ಕೈ ಜೋಡಿಸಿತು. 2016ರಲ್ಲಿ ಕಂಪನಿಯ ಹೊರಗಿನ ಡೆವಲಪರ್‌ಗಳು ಆ ಚಿಪ್‌ಗಳಿಗೆ ರಾಡ್‌ವಿ ಎಂಬ ವಲ್ಕನ್ (ಆಟಗಳ ಗ್ರಾಫಿಕ್ಸಿಗೆ ಬಳಸುವ ಮಾನದಂಡ) ಡ್ರೈವರ್ ಬರೆದರು. ಅದು ಎಷ್ಟು ಚೆನ್ನಾಗಿ ಬೆಳೆಯಿತೆಂದರೆ 2025ರಲ್ಲಿ ಎಎಂಡಿ ಲಿನಕ್ಸಿಗೆಂದು ತಾನೇ ಬರೆದಿದ್ದ ವಲ್ಕನ್ ಡ್ರೈವರನ್ನು ಕೈಬಿಟ್ಟು ರಾಡ್‌ವಿಯ ಬೆನ್ನಿಗೆ ನಿಂತಿತು. ಈ ವಿಷಯದಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಸಂಗತಿ ಇದು. ಬಾಗಿಲು ತೆರೆದದ್ದಕ್ಕೆ ಕಂಪನಿಗೇ ತನ್ನದಕ್ಕಿಂತ ಒಳ್ಳೆಯ ಡ್ರೈವರ್ ಸಿಕ್ಕಿತು.

ಫರ್ಮ್‌ವೇರ್ ಕೂಡ ತೆರೆಯಬೇಕೇ?

ತೆರೆದರೆ ಬಹಳ ಸಂತೋಷ. ಆದರೆ ಮೊದಲ ದಿನವೇ ಅದನ್ನು ಹಟ ಹಿಡಿಯುವುದಿಲ್ಲ. ಫರ್ಮ್‌ವೇರ್ ಸಾಧನದ ಒಳಗೆ ಓಡುತ್ತದೆ, ಡ್ರೈವರ್ ನನ್ನ ಕಂಪ್ಯೂಟರಿನ ಒಳಗೆ. ಹೊಸ್ತಿಲ ಈಚೆ ನಡೆಯುವುದು ಮೊದಲು ಗೊತ್ತಾಗಲಿ. ಫರ್ಮ್‌ವೇರನ್ನು ಮುಚ್ಚಿಟ್ಟರೂ ಹಂಚಲು ಅನುಮತಿಯಾದರೂ ಇರಲೇಬೇಕು.

ಸಣ್ಣ ಕಂಪನಿಗೆ ಇದು ಹೊರೆಯಲ್ಲವೇ?

ಒಂದು ಜಿಪ್ ಫೈಲ್ ಎಸೆದು ಕೈ ತೊಳೆದುಕೊಂಡರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಕೋಡ್ ಕರ್ನಲ್ ಒಳಗೇ ಸೇರಬೇಕು. ಅದಕ್ಕೆ ಮೊದಲು ಶ್ರಮ ಬೇಕು, ನಿಜ. ವಿಮರ್ಶೆಗೆ ಒಡ್ಡಿಕೊಳ್ಳಬೇಕು, ಹೇಳಿದ ತಪ್ಪುಗಳನ್ನು ತಿದ್ದಬೇಕು. ಒಮ್ಮೆ ಸೇರಿತೆಂದರೆ ಕರ್ನಲ್ ಬದಲಾದಾಗ ಹೊಂದಿಸುವ ಕೆಲಸದಲ್ಲಿ ಇತರರೂ ಕೈ ಹಾಕುತ್ತಾರೆ. 2007ರಲ್ಲಿ ಲಿನಕ್ಸ್ ಕರ್ನಲ್ ಡೆವಲಪರ್ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಕಂಪನಿಗಳಿಗೆ ನೇರವಾಗಿಯೇ ಹೇಳಿದರು: ದಾಖಲೆ ಕೊಡಿ, ಲಿನಕ್ಸ್ ಡ್ರೈವರನ್ನು ನಾವು ಪುಕ್ಕಟೆಯಾಗಿ ಬರೆದುಕೊಡುತ್ತೇವೆ. ಮೈಕ್ರೋಸಾಫ್ಟ್ ಕೂಡ 2009ರಲ್ಲಿ ಒಂದು ಕಂಪ್ಯೂಟರಿನೊಳಗೆ ಬೇರೆ ಸಿಸ್ಟಮ್‌ಗಳನ್ನು ಓಡಿಸುವ ತನ್ನ ಹೈಪರ್-ವಿಗೆ ಬೇಕಾದ ಸುಮಾರು 20,000 ಸಾಲು ಡ್ರೈವರ್ ಕೋಡನ್ನು ಜಿಪಿಎಲ್ ಅಡಿ ಲಿನಕ್ಸಿಗೆ ಕೊಟ್ಟಿತು.

ಇನ್ನೂ ಸುಲಭದ ದಾರಿಯೂ ಉಂಟು. ಪೆನ್‌ಡ್ರೈವ್, ಕೀಬೋರ್ಡ್, ಬಹುಪಾಲು ವೆಬ್‌ಕ್ಯಾಮ್‌ಗಳಿಗೆ ನೀವು ಡ್ರೈವರ್ ಹುಡುಕುವುದೇ ಇಲ್ಲ ಅಲ್ವಾ? ಅವೆಲ್ಲ ಯುಎಸ್‌ಬಿಯ ಸಾಮಾನ್ಯ ಮಾನದಂಡ ಪಾಲಿಸುತ್ತವೆ, ಒಂದೇ ಡ್ರೈವರ್ ಎಲ್ಲಕ್ಕೂ ಆಗುತ್ತದೆ. ಅದು ಸಾಧ್ಯವಿರುವ ಕಡೆ ತನ್ನದೇ ಬೇರೆ ಭಾಷೆ ಹುಟ್ಟಿಸುವ ಅಗತ್ಯವೇ ಇಲ್ಲ.

ಓಪನ್ ಸೋರ್ಸ್ ಆದರೆ ಡ್ರೈವರ್ ಎಂದೆಂದಿಗೂ ಉಳಿಯುತ್ತದೆಯೇ?

ಆ ಮಾತು ಕೊಡಲಾರೆ. ನೋಡಿಕೊಳ್ಳುವವರು ಇಲ್ಲದಿದ್ದರೆ ತೆರೆದ ಡ್ರೈವರ್ ಕೂಡ ಸೊರಗುತ್ತದೆ. ಫ್ಲಾಪಿ ಡಿಸ್ಕಿನ ಡ್ರೈವರನ್ನು ಟೊರ್ವಾಲ್ಡ್ಸ್ 2019ರಲ್ಲಿ ‘ಅನಾಥ’ ಎಂದು ಗುರುತಿಸಿದರು. ಪರೀಕ್ಷಿಸಲು ಓಡುವ ಫ್ಲಾಪಿ ಸಾಧನ ಸಿಗುವುದೇ ಕಷ್ಟವಾಗಿತ್ತು. ಆಮೇಲೆ ಬೇರೊಬ್ಬ ಡೆವಲಪರ್ ಅದರ ಹೊಣೆ ಹೊತ್ತರು. ಕೋಡ್ ಮುಚ್ಚಿದ್ದರೆ ಹಾಗೆ ಮುಂದೆ ಬರಲು ಯಾರಿಗೂ ಅವಕಾಶ ಇರುತ್ತಿರಲಿಲ್ಲ.

ಇದನ್ನು ಕಾನೂನಿನಿಂದಲೇ ಕಡ್ಡಾಯ ಮಾಡಬೇಕೇ?

ಎಲ್ಲ ಡ್ರೈವರ್‌ಗಳನ್ನೂ ಮೊದಲ ದಿನದಿಂದ ಕಡ್ಡಾಯವಾಗಿ ತೆರೆಯಿಸುವುದು ಈಗ ಆಗುವ ಮಾತಲ್ಲ ಎಂದು ನನಗನ್ನಿಸುತ್ತದೆ. ಮೇಲೆ ಹೇಳಿದ ಬೇರೆಯವರ ಕೋಡಿನ ಗಂಟು ಹಾಗೇ ಉಳಿಯುತ್ತದೆ. ಆದರೆ ಒಂದು ನಿಯಮ ಖಂಡಿತ ಬೇಕು. ಬೆಂಬಲ ನಿಲ್ಲಿಸುತ್ತೇವೆ ಎಂದು ಕಂಪನಿ ಘೋಷಿಸಿದ ದಿನ ಡ್ರೈವರಿನ ಕೋಡನ್ನಾದರೂ, ಅದಾಗದಿದ್ದರೆ ರಿಜಿಸ್ಟರ್ ಮಟ್ಟದ ಪೂರ್ತಿ ದಾಖಲೆಯನ್ನಾದರೂ ಹೊರಗಿಡಬೇಕು. ಆ ಮಾದರಿಯಿಂದ ಕಂಪನಿಗೆ ಬರುವ ಆದಾಯ ಅಂದಿಗೆ ಮುಗಿದಿರುತ್ತದೆ. ಕೊಂಡವರ ಮೇಜಿನ ಮೇಲೆ ಸಾಧನ ಇನ್ನೂ ಇರುತ್ತದೆ.

ಅಲ್ಲಿಯವರೆಗೆ ನಾನೇನು ಮಾಡಬಹುದು?

ಕೊಳ್ಳುವ ಮುಂಚೆ ಐದು ನಿಮಿಷ ಹುಡುಕಿ. ಮಾದರಿಯ ಹೆಸರಿನ ಜೊತೆ ‘ಲಿನಕ್ಸ್’ ಎಂದು ಸೇರಿಸಿ ಹುಡುಕಿದರೆ ಸಾಕು, ನೀವು ವಿಂಡೋಸ್ ಬಳಸುವವರಾದರೂ ಸರಿ. ಕರ್ನಲ್ ಒಳಗೇ ಡ್ರೈವರ್ ಇದೆಯೆಂದರೆ ಅದರ ಕೋಡ್ ಲೋಕದ ಕೈಯಲ್ಲಿದೆ ಎಂದರ್ಥ. ಪ್ರಿಂಟರ್ ಆದರೆ ಡ್ರೈವರೇ ಬೇಡದ ಐಪಿಪಿ ಅಥವಾ ಏರ್‌ಪ್ರಿಂಟ್ ಮಾನದಂಡ ಇದೆಯೇ ನೋಡಿ. ರೂಟರ್ ಆದರೆ ಓಪನ್‌ಡಬ್ಲ್ಯೂಆರ್‌ಟಿಯ ಪಟ್ಟಿಯಲ್ಲಿ ಆ ಮಾದರಿ ಇದೆಯೇ ನೋಡಿ, ಜೊತೆಗೆ ಹಾರ್ಡ್‌ವೇರ್ ಆವೃತ್ತಿಯ ಸಂಖ್ಯೆಯನ್ನೂ ಹೋಲಿಸಿ. ಒಂದೇ ಹೆಸರಿನ ಪೆಟ್ಟಿಗೆಯಲ್ಲಿ ಬೇರೆ ಚಿಪ್ ಬರುವುದುಂಟು.

ಆಮೇಲೆ ತಯಾರಕರಿಗೆ ಒಂದು ಇಮೇಲ್ ಬರೆಯಿರಿ. ತೆರೆದ ಡ್ರೈವರ್ ಇರುವುದಕ್ಕೇ ನಿಮ್ಮದನ್ನು ಕೊಂಡೆ ಎಂದೋ, ಇಲ್ಲದ್ದಕ್ಕೇ ಬಿಟ್ಟೆ ಎಂದೋ, ಮಾದರಿಯ ಹೆಸರು ಸಮೇತ ಎರಡು ಸಾಲು ಸಾಕು.